ಗಂಗೆದೊಗಲು

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಂಜಣ್ಣನ ಕಟಿಂಗ್ ಶಾಪ್ ಇದೆ. ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವುದನ್ನು ಬಿಟ್ಟು ಅವನಲ್ಲಿಗೇ ಹೋಗುತ್ತೇನೆ. ಸೋಮಾರಿತನ ಎನ್ನುತ್ತಾಳೆ ನನ್ನ ಹೆಂಡತಿ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಈಚೆಗೆ ನನ್ನ ಗದ್ದದ ಕೆಳಗಿನ ಚರ್ಮ ನನ್ನ ಮಾತು ಕೇಳುತ್ತಿಲ್ಲ. ರೇಜರ್ ಮೇಲೆ ಹೋದರೆ ತಾನೂ ಮೇಲೆ ಹೋಗುತ್ತದೆ, ಕೆಳಗೆ ಬಂದರೆ ತಾನೂ ಕೆಳಗೆ ಬರುತ್ತದೆ. ಕೂದಲು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಹೆರೆಯಬೇಕು. ಮಂಜಣ್ಣ ಎರಡನ್ನೂ ತಾನೊಬ್ಬನೇ ಮಾಡುತ್ತಾನೆ.

ಹೋದ ವಾರ ಅವನು ಆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಹಾಗೇ ಸ್ವಲ್ಪ ಹೊತ್ತು ನೋಡಿದ.

"ಸಾರ್, ಒಳ್ಳೆ ರಬ್ಬರ್ ಆದಂಗಾಗೈತಲ್ಲ ಸಾರ್ ಇದು. ಇದಕ್ಕೇನಾದ್ರೂ ಹೆಸರೈತಾ?"

"ಐತೆ ಕಣೋ. ಗಂಗೆದೊಗಲು."

ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. "ಅಯ್ಯೋ ಶಿವನೇ, ಅದು ಎತ್ತಿಗಿರೋದು ಕಣ್ರೀ! ಮನುಷ್ಯರಿಗೆಲ್ಲಿಂದ ಬಂತು?"

"ಮನುಷ್ಯರಿಗೂ ಬತ್ತದೆ. ಅರವತ್ತು ದಾಟಬೇಕು ಅಷ್ಟೆ" ಎಂದೆ. ಮಂಜಣ್ಣ ನಕ್ಕ ರಭಸಕ್ಕೆ ರೇಜರನ್ನು ದೂರ ಹಿಡಿಯಬೇಕಾಯಿತು. ಸೋಪಿನ ಹಿರಿಯರಿಗೆ ಆ ಪದ ಗೊತ್ತಿತ್ತಲ್ಲ ಎಂಬುದೇ ನನಗೆ ಸಂತೋಷ. ನಾನು ಆ ಸಂತೋಷದಲ್ಲಿ ಮನೆಯವರೆಗೆ ನಡೆದೇ ಬಂದೆ.

ನೀವು ಈ ಪದವನ್ನು ಕೇಳಿರದಿದ್ದರೆ ಹೇಳಿಬಿಡುತ್ತೇನೆ. ಹಸುವಿನ, ಎತ್ತಿನ ಗಂಟಲಿನಿಂದ ಶುರುವಾಗಿ ಎದೆಯವರೆಗೆ ಮಡಿಕೆ ಮಡಿಕೆಯಾಗಿ ಜೋಲುವ ಮೆತ್ತಗಿನ ತೊಗಲಿದೆಯಲ್ಲ, ಅದು ಗಂಗೆದೊಗಲು. ದನ ನಡೆಯುವಾಗ ಅದು ಎಡಕ್ಕೂ ಬಲಕ್ಕೂ ತೂಗುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಅದನ್ನು ಕೆರೆದರೆ ಎಂಥ ಹಾಯುವ ಹೋರಿಯೂ ಕತ್ತು ಚಾಚಿ ಕಣ್ಣು ಅರೆಮುಚ್ಚುತ್ತದೆ. ಎಳೆದರೆ ಹಿಗ್ಗುವ ಅಂಗಗಳಿಗೆಲ್ಲ ನಮ್ಮವರು ಎಷ್ಟು ಅಕ್ಕರೆಯಿಂದ ಹೆಸರಿಟ್ಟಿದ್ದಾರೆ ನೋಡಿ. ಕಿವಿಯ ಕೆಳತುದಿಗೆ ಹಾಲೆ. ಹಾಲು ತುಂಬಿದಾಗ ಹಿಗ್ಗುವುದಕ್ಕೆ ಕೆಚ್ಚಲು. ಈ ಪಟ್ಟಿಯನ್ನು ನಾನು ಒಂದು ದಿನ ನನ್ನ ಹೆಂಡತಿಯ ಮುಂದೆ ಹೇಳುತ್ತಾ ಕೂತಿದ್ದೆ. ಅವಳು ಬಿಕ್ಕೋಡಿನವಳು, ಕಾಫಿ ಗಿಡಗಳ ನಡುವೆ ಬೆಳೆದವಳು, ದನದ ಮಾತು ಅವಳಿಗೆ ಅಷ್ಟಕ್ಕಷ್ಟೆ. "ಎಲ್ಲಾ ಹೇಳಿದ್ರಿ, ನಿಮ್ಮ ನಾಲಿಗೆ ಬಿಟ್ರಲ್ಲ. ಎಷ್ಟೆಳೆದ್ರೂ ಬತ್ತದೆ" ಎಂದು ಅಡುಗೆಮನೆಗೆ ಎದ್ದುಹೋದಳು.

ಹೋಗಲಿ. ನಾನು ಹೇಳಹೊರಟದ್ದು ಅವ್ವನ ವಿಷಯ.

ನಮ್ಮೂರು ಹಗರೆಯಿಂದ ಒಳಕ್ಕೆ. ಅಲ್ಲಿ ಅವ್ವ ಈಗಲೂ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಇದ್ದಾಳೆ ಎಂದರೆ ತಪ್ಪಾಗುತ್ತದೆ, ಆಳುತ್ತಾಳೆ. ಎಂಬತ್ತು ದಾಟಿದ್ದಾಳೆ. ಓದು ಬಾರದು. ನನಗೆ ನೆನಪು ಮೂಡಿದಾಗಿನಿಂದ ಅವಳ ಬೆಳಗು ಒಂದೇ ರೀತಿ. ಎದ್ದು ಮುಖ ತೊಳೆದು, ಕೊಟ್ಟಿಗೆಗೆ ಹೋಗಿ, ಒಂದೊಂದು ದನದ ಗಂಗೆದೊಗಲನ್ನೂ ಹಿಡಿಯಷ್ಟು ಎತ್ತಿ ಬಿಡುವುದು. ಎತ್ತುವಾಗ ಬಾಯಲ್ಲಿ ಏನಾದರೂ ಮಾತಾಡುತ್ತಿರುತ್ತಾಳೆ, ಕಣ್ಣು ಮಾತ್ರ ಅಲ್ಲೇ. ಬಿಟ್ಟ ತೊಗಲು ಹೇಗೆ ಹಿಂದಕ್ಕೆ ಹೋಯಿತು ಎಂದು ನೋಡಿ ಮುಂದಿನ ದನಕ್ಕೆ ಹೋಗುತ್ತಾಳೆ. ಯಾವ ದನಕ್ಕೆ ಎಷ್ಟು ನೀರು ಎನ್ನುವುದು ಅಲ್ಲೇ ತೀರ್ಮಾನ. "ಕೆಂದನಿಗೆ ಇನ್ನೊಂದು ಬಕೀಟು ಇಡು" ಎಂದರೆ ಇಡಬೇಕು, ಕೇಳುವ ಹಾಗಿಲ್ಲ.

ನಾನೂ ನನ್ನ ತಮ್ಮನೂ ಅವಳ ಹಿಂದೆ ಹಿಂದೆ ಹೋಗಿ ಅದೇ ಆಟ ಆಡುತ್ತಿದ್ದೆವು. ನಾನು ಎತ್ತಿ ಬಿಟ್ಟು, ದೊಡ್ಡ ವೈದ್ಯನ ಹಾಗೆ, "ಸರಿಯಾಗೈತೆ ಅವ್ವಾ" ಎನ್ನುತ್ತಿದ್ದೆ. ಅವಳು ಮತ್ತೆ ತಾನು ಎತ್ತಿ ನೋಡಿ, "ಎಲ್ಲಿ ಸರಿಯಾಗೈತೆ? ನೀನು ಹಿಂಡ್ತೀಯ ಕಣ್ಲಾ. ಹಿಂಡಬಾರ್ದು, ಎತ್ಬೇಕು. ಇನ್ನೂ ಕೈಗೆ ಹದ ಸಿಕ್ಕಿಲ್ಲ ನಿಂಗೆ" ಎನ್ನುತ್ತಿದ್ದಳು. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮನಿಗೆ ಒಂದು ಬೆಳಿಗ್ಗೆ, "ಹದ ಸಿಕ್ತು ಕಣ್ಲಾ ನಿನ್ ಕೈಗೆ" ಎಂದುಬಿಟ್ಟಳು. ಅವನು ಅದನ್ನು ಊರೆಲ್ಲ ಹೇಳಿಕೊಂಡು ಬಂದ. ನಾನು ಆವತ್ತು ಮಧ್ಯಾಹ್ನ ಊಟ ಬಿಟ್ಟೆ. ಮುಂದೆ ನನಗೆ ಎಷ್ಟೋ ಸರ್ಟಿಫಿಕೇಟುಗಳು ಬಂದವು. ಅವೆಲ್ಲ ಈಗ ಬೀರುವಿನ ಅಡಿಯ ಟ್ರಂಕಿನಲ್ಲಿವೆ. ಅವ್ವನಿಂದ ಆ ಒಂದು ಮಾತು ಮಾತ್ರ ಬರಲಿಲ್ಲ, ನಾನೂ ಅದನ್ನು ಮರೆಯಲಿಲ್ಲ.

ಹಾಗೆಂದು ಆ ಪದದಿಂದ ನನಗೆ ಮರ್ಯಾದೆ ಸಿಗಲೇ ಇಲ್ಲ ಎನ್ನುವಂತಿಲ್ಲ. ಹೈಸ್ಕೂಲಿಗೆ ನಾನು ಹಳೇಬೀಡಿಗೆ ಹೋಗುತ್ತಿದ್ದೆ. ಅಲ್ಲಿ ನಮಗೊಬ್ಬರು ಸಂಸ್ಕೃತದ ಮೇಷ್ಟ್ರು. ಪಾಠಕ್ಕಿಂತ ಪಾಠದ ಹೊರಗಿನದನ್ನೇ ಹೆಚ್ಚು ಹೇಳುವವರು. ಒಂದು ದಿನ ಬಂದವರೇ, "ಹಸು ಅಂದರೆ ಯಾವುದು? ಗುರುತು ಹೇಳಿ" ಎಂದರು. ಒಬ್ಬ ಎದ್ದು ನಾಲ್ಕು ಕಾಲು ಎಂದ. "ನಮ್ಮನೆ ಮಂಚಕ್ಕೂ ಇದೆ" ಎಂದರು. ಇನ್ನೊಬ್ಬ ಕೊಂಬು ಎಂದ. "ಎಮ್ಮೆಗಿಲ್ಲವೇ?" ಹಾಲು ಕೊಡುತ್ತದೆ ಎಂದವನಿಗೆ, "ಮೇಕೆ ಏನು ಮಜ್ಜಿಗೆ ಕೊಡುತ್ತದೆಯೇ?" ನಾವೆಲ್ಲ ಸುಸ್ತಾದ ಮೇಲೆ ಅವರು ಹೇಳಿದರು: ಹಿಂದಿನ ತರ್ಕಶಾಸ್ತ್ರದ ಪಂಡಿತರು ಇದಕ್ಕೆ ತಲೆ ಕೆಡಿಸಿಕೊಂಡು, ಕೊನೆಗೆ ಸಾಸ್ನಾ ಇರುವುದು ಹಸು ಎಂದು ತೀರ್ಮಾನ ಮಾಡಿದರಂತೆ. ಸಾಸ್ನಾ ಎಂದರೆ ಕೊರಳ ಕೆಳಗೆ ಜೋಲುವ ಚರ್ಮ.

"ಅದಕ್ಕೆ ಕನ್ನಡದಲ್ಲಿ ಏನಂತಾರೆ?"

ಯಾರೂ ಏಳಲಿಲ್ಲ. ನಾನು ಎದ್ದೆ. "ಗಂಗೆದೊಗಲು ಸಾರ್."

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ನನ್ನನ್ನು ಕರೆದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದರು. ಗಂಗೆ ಮತ್ತು ತೊಗಲು ಸೇರಿ ಗಂಗೆದೊಗಲಾಯಿತು ಎಂದು ತಾವೇ ಬಿಡಿಸಿ ಹೇಳಿದರು. "ಯಾರು ಹೇಳಿಕೊಟ್ಟರು?" ಎಂದರು. ಅವ್ವ ಎಂದೆ. "ಪಂಡಿತರು ಹುಡುಕಿ ಹುಡುಕಿ ಕಂಡುಹಿಡಿದದ್ದನ್ನು ಇವರ ತಾಯಿ ಕೊಟ್ಟಿಗೆಯಲ್ಲಿ ದಿನಾ ಮುಟ್ಟಿ ನೋಡ್ತಾರೆ" ಎಂದು ಇಡೀ ತರಗತಿಗೆ ಹೇಳಿದರು. ಆ ದಿನ ಹಳೇಬೀಡಿನಿಂದ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ನಿಂತೇ ಬಂದೆ. ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು. "ಅದ್ಕೆ ಪಂಡಿತ್ರು ಯಾಕ್ಬೇಕಿತ್ತು? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದು ಮೊರ ಕೊಡವಿದಳು.

ಇಷ್ಟೆಲ್ಲ ಆದ ಮೇಲೆ ನಾನೇನು ಮಾಡಿದೆ ಎನ್ನುವುದನ್ನೂ ಹೇಳಬೇಕು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ನನಗೆ ಪಶು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಡಾಕ್ಟರಲ್ಲ, ಅವರ ಕೈ ಕೆಳಗಿನ ಪರಿವೀಕ್ಷಕ. ಬಾಣಾವರ, ಬಿಕ್ಕೋಡು ಎಂದು ಸುತ್ತಿ ಸುತ್ತಿ ಇಡೀ ಸರ್ವಿಸನ್ನು ದನಗಳ ನಡುವೆಯೇ ಮುಗಿಸಿದೆ. ಕೆಲಸದ ಜೊತೆಗೆ ಒಂದು ಭಾಷೆಯೂ ಅಂಟಿತು. ಊರಿನಲ್ಲಿ ಹಸು ಉಚ್ಚಿಕೊಳ್ಳುತ್ತಿತ್ತು, ನನ್ನ ರಿಜಿಸ್ಟರಿನಲ್ಲಿ ಅತಿಸಾರವಾಗುತ್ತಿತ್ತು. ಊರಿನಲ್ಲಿ ಮೇವು ಬಿಟ್ಟಿತು, ರಿಜಿಸ್ಟರಿನಲ್ಲಿ ಆಹಾರ ನಿರಾಕರಣೆ. ಮೇಲಧಿಕಾರಿಗಳು ಓದುವಾಗ ನಾನು ಕೊಟ್ಟಿಗೆಯಿಂದ ಎದ್ದು ಬಂದವನ ಹಾಗೆ ಕಾಣಬಾರದಲ್ಲ! ನಿಜವಾಗಿ ನಾನು ಕೊಟ್ಟಿಗೆಯಿಂದಲೇ ಎದ್ದು ಬಂದವನು. ಅದನ್ನು ಮುಚ್ಚಿಡಲು ಅಷ್ಟು ವರ್ಷ ಶ್ರಮಪಟ್ಟೆ.

ನಿವೃತ್ತನಾದ ಮರುವರ್ಷ ನಮ್ಮೂರ ಕಡೆಯ ಆಸ್ಪತ್ರೆಯ ಡಾಕ್ಟರಮ್ಮ ಫೋನ್ ಮಾಡಿದರು. ವಯಸ್ಸು ಚಿಕ್ಕದು, ಕೆಲಸದಲ್ಲಿ ಬಲು ಚುರುಕು. "ಸಾರ್, ಹಾಲಿನ ಡೈರಿಯಲ್ಲಿ ಹೆಂಗಸರಿಗೆ ಹಂಚೋಕೆ ಒಂದು ಹಾಳೆ ಬರೆದುಕೊಡಿ. ಭೇದಿಯಾದಾಗ ದನದ ಮೈಯಲ್ಲಿ ನೀರು ಕಮ್ಮಿಯಾಗಿದೆಯಾ ಅಂತ ಅವರೇ ನೋಡ್ಕೊಳ್ಳೋ ಥರ. ಸಿಂಪಲ್ಲಾಗಿರಲಿ" ಎಂದರು. ಎರಡು ದಿನ ಕೂತು ಬರೆದೆ. ಅದರಲ್ಲಿನ ಒಂದು ವಾಕ್ಯ ನನಗೆ ಈಗಲೂ ಬಾಯಿಪಾಠ: "ಜಾನುವಾರಿನ ಗ್ರೀವಾ ಭಾಗದ ಅಧೋಮುಖ ಸ್ಥಿತಿಸ್ಥಾಪಕ ಚರ್ಮವನ್ನು ಹಿಗ್ಗಿಸಿ, ಅದು ಪೂರ್ವಸ್ಥಿತಿಗೆ ಮರಳುವ ಅವಧಿಯನ್ನು ಗಮನಿಸತಕ್ಕದ್ದು."

ಬರೆದು ಮುಗಿಸಿ ಹೆಂಡತಿಗೆ ಓದಿ ಹೇಳಿದೆ. "ಚೆನ್ನಾಗಿದೆ, ಕೋರ್ಟ್ ನೋಟೀಸ್ ಥರ ಇದೆ" ಎಂದಳು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಡಾಕ್ಟರಮ್ಮ ಒಮ್ಮೆ ಓದಿ, ಹಿರಿಯರು ಬರೆದದ್ದು ಎಂದು ಸುಮ್ಮನಾದರು. ಹಾಳೆ ಅಚ್ಚಾಗಿ ಊರೂರ ಡೈರಿಗೆ ಹೋಯಿತು.

ನಮ್ಮೂರಲ್ಲಿ ಅವ್ವನ ಮನೆಗೆ ಮೂರು ಮನೆ ಆಚೆ ಜಯಮ್ಮ ಇದ್ದಾಳೆ. ಏಳನೇ ತರಗತಿ ಓದಿದವಳು, ನನ್ನನ್ನು ಅಣ್ಣ ಎನ್ನುತ್ತಾಳೆ. ಹಾಲು ಕರೆಯುವ ಹಸುವಲ್ಲದೆ ಅವಳಿಗೊಂದು ಕಡಸು, ಹೆಸರು ಚುಕ್ಕಿ, ಇನ್ನೇನು ಒಂದು ವರ್ಷದಲ್ಲಿ ಗಬ್ಬ ನಿಲ್ಲಬೇಕಿದ್ದದ್ದು. ಮುಂಗಾರಿನ ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿತ್ತು. ಅದನ್ನು ಹೊಟ್ಟೆಬಿರಿಯ ಮೇಯ್ದು ಚುಕ್ಕಿ ಉಚ್ಚಿಕೊಳ್ಳತೊಡಗಿತು. ನಮ್ಮ ಕಡೆ ಒಂದು ನಂಬಿಕೆ ಇದೆ: ಉಚ್ಚುವ ದನಕ್ಕೆ ನೀರು ಇಡಬಾರದು, ಇಟ್ಟರೆ ಇನ್ನೂ ಹೆಚ್ಚುತ್ತದೆ. ಜಯಮ್ಮ ಅದನ್ನೇ ಮಾಡಿದಳು. ಆದರೂ ಮನಸ್ಸು ತಡೆಯದೆ, ಡೈರಿಯಲ್ಲಿ ಕೊಟ್ಟಿದ್ದ ನನ್ನ ಹಾಳೆಯನ್ನು ತೆಗೆದು ಓದಿದಳು. ಒಮ್ಮೆ ಓದಿದಳು, ಎರಡು ಸಲ ಓದಿದಳು. ಅದರಲ್ಲಿ ಅವಳಿಗೆ ತಿಳಿದದ್ದು ಮೂರೇ ಮಾತು, ಚರ್ಮ, ಹಿಗ್ಗಿಸಿ ಮತ್ತು ಮರಳುವ. ದನದ ಮೈಯಲ್ಲಿ ಹಿಗ್ಗಿಸಿದರೆ ಮತ್ತೆ ವಾಪಸು ಹೋಗುವುದು ಯಾವುದು ಎಂದು ಯೋಚನೆ ಮಾಡಿ, ಹೋಗಿ ಚುಕ್ಕಿಯ ಕಿವಿ ಹಿಡಿದು ಎಳೆದಳು.

ಕಿವಿ ಯಾವಾಗಲೂ ವಾಪಸು ಹೋಗುತ್ತದೆ. ಸಾಯುವ ದನದ ಕಿವಿಯೂ ಹೋಗುತ್ತದೆ. ಜಯಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಳೆದು ನೋಡಿ, ಅಣ್ಣ ಬರೆದ ಹಾಗೆ ಎಲ್ಲ ಸರಿಯಾಗಿದೆ ಎಂದು ಧೈರ್ಯವಾಗಿದ್ದಳು. ಹೀಗೆ ಎರಡು ದಿನ ಕಳೆಯಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಡೈರಿಗೆ ಹಾಲು ಹಾಕಿ ಬರುವಾಗ, ಜಗುಲಿಯ ಮೇಲೆ ಕೂತಿದ್ದ ಅವ್ವ ಕರೆದು ಕಡಸು ಹೇಗಿದೆ ಎಂದು ಕೇಳಿದಳಂತೆ.

"ಮಲಗ್ಬಿಟ್ಟೈತೆ ದೊಡ್ಡವ್ವ. ಆದ್ರೂ ಪರೀಕ್ಷೆ ಮಾಡ್ದೆ, ಚೆನ್ನಾಗೈತೆ."

"ಏನ್ ಪರೀಕ್ಷೆ ಮಾಡ್ದೆ?"

"ಕಿವಿ ಎಳ್ದೆ."

ಅವ್ವ ಕೋಲು ಕೇಳಲಿಲ್ಲ, ಚಪ್ಪಲಿ ಕೇಳಲಿಲ್ಲ. ಹಾಗೇ ಎದ್ದು ಜಯಮ್ಮನ ಕೊಟ್ಟಿಗೆಗೆ ಹೋದಳು. ಮಲಗಿದ್ದ ಚುಕ್ಕಿಯ ಪಕ್ಕ ಕೂತು ಕೊರಳ ಕೆಳಗಿನ ತೊಗಲನ್ನು ಎತ್ತಿ ಬಿಟ್ಟಳು. ಬಿಟ್ಟರೂ ಅದು ಹೋಗಲಿಲ್ಲ, ಎತ್ತಿದ ಹಾಗೇ ಮಡಿಕೆಯಾಗಿ ನಿಂತುಕೊಂಡಿತು. "ಅಯ್ಯೋ, ಗಂಗೆ ಬತ್ತೋಗೈತಲ್ಲೇ ಮಗಳೇ ಇದುಕ್ಕೆ!" ಎಂದು ಅವಳು ಕೂಗಿದ್ದು ನಮ್ಮ ಮನೆಗೆ ಕೇಳಿಸಿತಂತೆ. ನನ್ನ ತಮ್ಮ ಓಡಿದ. ಉಗುರುಬೆಚ್ಚನೆಯ ನೀರಿಗೆ ಉಪ್ಪು ಬೆಲ್ಲ ಕದಡಿಸಿ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತರಿಸಿ, ಚುಕ್ಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಸ್ವಲ್ಪ ಸ್ವಲ್ಪವೇ ಕುಡಿಸತೊಡಗಿದಳು. ಮಧ್ಯದಲ್ಲಿ ತಮ್ಮನ ಫೋನಿನಲ್ಲಿ ನನ್ನ ಜೊತೆ ಮಾತಾಡಿದಳು.

"ನಿನ್ ಕಾಗ್ದ ಓದ್ಕೊಂಡು ಇಲ್ಲೊಂದು ಜೀವ ಹೋಯ್ತಾ ಐತೆ. ಬಾರ್ಲಾ."

ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ ಬೈಕು ಹತ್ತಿದೆ. ಅರಸೀಕೆರೆಯಿಂದ ಹಳೇಬೀಡು ದಾಟಿ ನಮ್ಮೂರು ಮುಟ್ಟುವವರೆಗೆ ದಾರಿಯುದ್ದಕ್ಕೂ ಆ ಒಂದು ವಾಕ್ಯ ತಲೆಯಲ್ಲಿ ಸುತ್ತುತ್ತಿತ್ತು. ಅಧೋಮುಖ ಸ್ಥಿತಿಸ್ಥಾಪಕ ಚರ್ಮ. ನನ್ನ ಜೀವಮಾನದಲ್ಲಿ ನನಗೆ ಅಷ್ಟು ಅಸಹ್ಯವಾದ ಮಾತು ಇನ್ನೊಂದಿಲ್ಲ.

ನಾನು ಹೋಗುವಷ್ಟರಲ್ಲಿ ಡಾಕ್ಟರಮ್ಮ ಬಂದು ಚುಕ್ಕಿಗೆ ಡ್ರಿಪ್ ಹಾಕಿದ್ದರು. ಬಾಟಲಿಯನ್ನು ನನ್ನ ತಮ್ಮ ಎತ್ತಿ ಹಿಡಿದು ನಿಂತಿದ್ದ. ಡಾಕ್ಟರಮ್ಮ ಮಧ್ಯೆ ಮಧ್ಯೆ ಬಗ್ಗಿ ಕೊರಳ ಕೆಳಗಿನ ತೊಗಲನ್ನು ಎತ್ತಿ ಬಿಟ್ಟು ನೋಡುತ್ತಿದ್ದರು. ಎಂಟು ಹತ್ತು ಪುಸ್ತಕ ಓದಿ, ಪರೀಕ್ಷೆ ಪಾಸು ಮಾಡಿ ಬಂದ ಕೈ ಅದು. ಓದೇ ಬಾರದ ಅವ್ವನ ಕೈ ಹೋಗಿದ್ದೂ ಅದೇ ಜಾಗಕ್ಕೆ. "ಮೊದಲು ನೀರು ಕುಡಿಸಿದ್ದು ಯಾರು? ಒಳ್ಳೇದಾಯ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಸೂಜಿಗೆ ನರವೇ ಸಿಕ್ತಿರಲಿಲ್ಲ" ಎಂದರು. ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ನನ್ನ ಕಡೆ ನೋಡಿದಳು.

"ಅಷ್ಟು ವರ್ಷ ದನಿನ ಆಸ್ಪತ್ರೆ ಉಪ್ಪು ತಿಂದೆ. ಗಂಗೆದೊಗಲು ಅನ್ನಾಕೆ ನಾಲಿಗೆ ಬರ್ಲಿಲ್ವೇನ್ಲಾ?"

ನಾನು ತಮ್ಮನ ಕೈಯಿಂದ ಬಾಟಲಿ ತೆಗೆದುಕೊಂಡು ಎತ್ತಿ ಹಿಡಿದು ನಿಂತೆ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಚುಕ್ಕಿ ಮುಂಗಾಲು ಊರಿತು, ಬಿದ್ದಿತು, ಮತ್ತೆ ಊರಿ ಎದ್ದು ನಿಂತಿತು. ನಿಂತು, ಬಾಲ ಎತ್ತಿ, ಧಾರಾಳವಾಗಿ ಗಂಜಲ ಹೊಯ್ದಿತು. "ಹೊಯ್ತು ದೊಡ್ಡವ್ವಾ, ಹೊಯ್ತು!" ಎಂದು ಜಯಮ್ಮ ಕುಣಿಯುವುದೊಂದು ಬಾಕಿ. ಡಾಕ್ಟರಮ್ಮನ ಪ್ಯಾಂಟಿನ ಮೇಲೆಲ್ಲ ಸಿಡಿದಿತ್ತು, ಅವರೂ ನಗುತ್ತಿದ್ದರು. ಮೈಯೊಳಗೆ ನೀರು ತುಂಬಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕೈಕಾಲು ತೊಳೆದು ಜಗುಲಿಯ ಮೇಲೆ ಕಾಫಿ ಕುಡಿಯುವಾಗ ಡಾಕ್ಟರಮ್ಮ ಕೇಳಿದರು. "ಅಜ್ಜಿ, ಅದನ್ನ ಗಂಗೆದೊಗಲು ಅಂತ ಯಾಕಂತಾರೆ?"

"ಗಂಗೆ ಅಂದ್ರೆ ನೀರಲ್ವೇನವ್ವ? ಬಾವಿ ತೋಡ್ದಾಗ ನೀರು ಬಂದ್ರೆ ಗಂಗಮ್ಮ ಬಂದ್ಲು ಅನ್ನಲ್ವಾ? ಮೈಯೊಳ್ಗೆ ಗಂಗೆ ಎಷ್ಟೈತೆ ಅಂತ ಹೇಳೋ ತೊಗ್ಲು ಅದು. ಬಿಟ್ಟ ಕೂಡ್ಲೇ ಓಡೋದ್ರೆ ಗಂಗೆ ಅವ್ಳೆ. ಯೋಚ್ನೆ ಮಾಡ್ಕೊಂಡು ಹೋದ್ರೆ ನೀರು ಕುಡುಸ್ಬೇಕು. ಹೋಗ್ದೆ ನಿಂತ್ಕಂಡ್ರೆ ನಿಂಗೆ ಫೋನ್ ಮಾಡ್ಬೇಕು."

ಡಾಕ್ಟರಮ್ಮ ಕಾಫಿ ಲೋಟ ಕೆಳಗಿಟ್ಟು ಬ್ಯಾಗಿನಿಂದ ಪೆನ್ನು ತೆಗೆದರು. ಈಗ ನಮ್ಮ ಕಡೆಯ ಡೈರಿಗಳಲ್ಲಿ, ಹಾಲು ಅಳೆಯುವ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿರುವುದು ಅವ್ವನ ಆ ಮೂರು ಮಾತು, ಹೇಳಿದ್ದು ಹೇಳಿದ ಹಾಗೆ. ಮೇಲೆ ದೊಡ್ಡ ಅಕ್ಷರದಲ್ಲಿ ಗಂಗೆದೊಗಲು ಎಂದಿದೆ. ಬರೆದದ್ದು ನನ್ನ ಕೈ, ಹಳೇಬೀಡಿನ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ದುಂಡಗೆ ಬರೆದಿದ್ದೇನೆ. ಬಾಣಾವರದ ಕಡೆಯವರೂ ಕೇಳಿ ತರಿಸಿಕೊಂಡರು. ನನ್ನ ಹಳೆಯ ಹಾಳೆಗಳನ್ನು ಜಯಮ್ಮ ಒಲೆ ಹೊತ್ತಿಸಲು ಬಳಸಿದಳೆಂದು ಕೇಳಿದ್ದೇನೆ. ಒಳ್ಳೆಯದೇ ಆಯಿತು.

ಆ ಪದದ ಹುಟ್ಟು ನಿಜವಾಗಿ ಹಾಗೆಯೋ ಅಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಅರಸೀಕೆರೆಯ ಲೈಬ್ರರಿಯಲ್ಲಿ ದಪ್ಪನೆಯ ನಿಘಂಟು ತೆಗೆಸಿ ನೋಡಿದೆ. ಅರ್ಥವಿತ್ತು, ಗಂಗೆ ಅಲ್ಲಿಗೆ ಯಾಕೆ ಬಂದಳು ಎನ್ನುವುದು ನನಗೆ ಸಿಗಲಿಲ್ಲ. ಹಸುವಿನ ಒಂದೊಂದು ಅಂಗದಲ್ಲೂ ಒಂದೊಂದು ದೇವರಿದ್ದಾರೆ, ಕೊರಳಲ್ಲಿ ಗಂಗೆಯಂತೆ ಎಂದು ನಮ್ಮ ಬೀದಿಯ ಪುರೋಹಿತರು ಹೇಳಿದರು. ನಡೆಯುವಾಗ ಅಲೆ ಅಲೆಯಾಗಿ ತೂಗುತ್ತದಲ್ಲ, ಅದಕ್ಕೇ ಇರಬೇಕು ಎಂದವರೊಬ್ಬರು ಕಾಲೇಜಿನ ಮೇಷ್ಟ್ರು. ತಿಳಿದವರು ಇನ್ನೂ ಬೇರೆ ಹೇಳಬಹುದು. ಯಾರು ಏನೇ ಹೇಳಿದರೂ ನನ್ನ ಮತ ಅವ್ವನಿಗೆ. ಉಳಿದ ಅರ್ಥಗಳಿಂದ ಇದುವರೆಗೆ ಯಾವ ಕಡಸೂ ಎದ್ದು ನಿಂತದ್ದನ್ನು ನಾನು ನೋಡಿಲ್ಲ.

ಆ ವರ್ಷವೇ ಒಂದು ದಿನ ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಹಳೇಬೀಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ದೊಡ್ಡ ನಂದಿಯ ಮುಂದೆ ಪ್ರವಾಸಿಗಳು ಗುಂಪಾಗಿದ್ದರು. ಒಬ್ಬ ಗೈಡು ನಂದಿಯ ಮೈಮೇಲಿನ ಒಡವೆಗಳನ್ನು, ಗಂಟೆಯ ಸರಗಳನ್ನು ಒಂದೊಂದಾಗಿ ತೋರಿಸುತ್ತಿದ್ದ. ಅವ್ವ ಹೊಸ ಕನ್ನಡಕದಲ್ಲಿ ಅವೊಂದನ್ನೂ ನೋಡಲಿಲ್ಲ. ಪಕ್ಕಕ್ಕೆ ಹೋಗಿ, ಬಗ್ಗಿ, ಕೊರಳ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಇದುನ್ನ ಕಡ್ದೋನು ದನ ಸಾಕಿದ್ದ ಕಣ್ಲಾ" ಎಂದಳು. ಗೈಡು ಹೇಳಿದ್ದೆಲ್ಲ ನನಗೆ ಮರೆತುಹೋಗಿದೆ, ಇದೊಂದು ಉಳಿದಿದೆ. ಅಲ್ಲಿದ್ದ ಪ್ರವಾಸಿಗಳನ್ನೆಲ್ಲ ನಿಲ್ಲಿಸಿ, ಇವಳು ನಮ್ಮವ್ವ ಎಂದು ಹೇಳಬೇಕೆನಿಸಿತ್ತು. ಹೇಳಲಿಲ್ಲ, ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ.

ಮಂಜಣ್ಣನ ಅಂಗಡಿಯಲ್ಲಿ ಆ ಮಾತುಕತೆಯಾದ ಮೇಲಿನ ಭಾನುವಾರ ಊರಿಗೆ ಹೋಗಿದ್ದೆ. ಬೇಸಿಗೆ, ಬೆಳಿಗ್ಗೆ ಹನ್ನೊಂದಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಅವ್ವ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ನನ್ನ ಚರ್ಮದ ಕಥೆಯನ್ನು, ಸೋಪಿನ ಹಿರಿಯರು ಅಂದದ್ದನ್ನು ಅವಳಿಗೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಬಾ ಇಲ್ಲಿ. ಕತ್ತೆತ್ತು."

ಕತ್ತೆತ್ತಿದೆ. ಅವ್ವ ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಗದ್ದದ ಕೆಳಗಿನ ತೊಗಲನ್ನು ಮೆಲ್ಲಗೆ ಎತ್ತಿ ಬಿಟ್ಟಳು. ಕನ್ನಡಕದೊಳಗಿಂದ ನೋಡಿದಳು.

"ಯೋಚ್ನೆ ಮಾಡ್ಕೊಂಡು ಹೋಯ್ತಾ ಐತೆ. ನೀರು ಕುಡಿಯಾದು ಕಮ್ಮಿ ಮಾಡಿದ್ದೀಯ."

"ಅವ್ವಾ, ವಯಸ್ಸಾದ ಮೇಲೆ ಚರ್ಮ ಹಂಗೇ ಆಗೋದು. ಅದಕ್ಕೂ ನೀರಿಗೂ..."

"ಶಾರದೇ, ಒಂದು ಚೊಂಬು ನೀರು ತಾರೆ" ಎಂದು ಅವಳು ಒಳಗೆ ಕೂಗಿದಳು. ತಮ್ಮನ ಹೆಂಡತಿ ಶಾರದೆ ತಂದುಕೊಟ್ಟಳು. ಅಷ್ಟು ವರ್ಷ ದನಗಳಿಗೆ ಮದ್ದು ಮಾಡಿದ ನಾನು, ಅರವತ್ತು ದಾಟಿದ ನಾನು, ಕೊಟ್ಟಿಗೆಯ ಕರುವಿನ ಹಾಗೆ ಮಾತಾಡದೆ ಕುಡಿದೆ. ನೀರು ತಣ್ಣಗಿತ್ತು. ಅರ್ಧ ಚೊಂಬು ಇಳಿದ ಮೇಲೆ ಗೊತ್ತಾಯಿತು, ನನಗೆ ನಿಜವಾಗಿಯೂ ಬಾಯಾರಿತ್ತು. ಕುಡಿಯುತ್ತಾ ಅವಳ ಕೊರಳ ಕಡೆ ನೋಡಿದೆ. ನನ್ನದಕ್ಕಿಂತ ಎಷ್ಟೋ ಹೆಚ್ಚು ಮಡಿಕೆಗಳು ಅಲ್ಲಿದ್ದವು.

"ನಿಂದು ನೋಡ್ಲಾ?" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಗದ್ದ ಮೇಲೆತ್ತಿ ಕೊರಳು ಕೊಟ್ಟಳು.

ನಾನು ಹಿಂಡಲಿಲ್ಲ. ಎರಡು ಬೆರಳಲ್ಲಿ ಎತ್ತಿದೆ. ಅಷ್ಟು ತೆಳ್ಳಗೆ, ಅಷ್ಟು ಮೆತ್ತಗೆ ಇತ್ತು. ಬಿಟ್ಟೆ. ಅದು ಸಾವಕಾಶವಾಗಿ ತನ್ನ ಜಾಗಕ್ಕೆ ಹೋಯಿತು. ಎಂಬತ್ತು ದಾಟಿದ ತೊಗಲು ನೀರು ಕುಡಿದಿದ್ದರೂ ಹಾಗೇ ಹೋಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಅದೊಂದನ್ನೇ ನಂಬದೆ, ಅವಳ ಒಣಗಿದ ತುಟಿಯನ್ನೂ, ಪಕ್ಕದಲ್ಲಿ ಬೆಳಗಿನಿಂದ ತುಂಬಿದ್ದ ಹಾಗೇ ಇದ್ದ ನೀರಿನ ಲೋಟವನ್ನೂ ನೋಡಿದೆ.

"ಯೋಚ್ನೆ ಮಾಡ್ಕೊಂಡು ಹೋಯ್ತು ಅವ್ವಾ. ನೀನು ಬೆಳಗ್ಗಿಂದ ನೀರು ಮುಟ್ಟಿಲ್ಲ."

ಅವ್ವ ನನ್ನ ಕೈಯಿಂದ ಚೊಂಬು ಇಸಿದುಕೊಂಡು, ಉಳಿದಿದ್ದ ನೀರನ್ನು ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಒಂದು ಬಿಡಿಸಿದಳು, ಎರಡು ಬಿಡಿಸಿದಳು. ತಲೆ ಎತ್ತದೆಯೇ ಹೇಳಿದಳು:

"ಹದ ಸಿಕ್ತು ಕಣ್ಲಾ ನಿನ್ ಕೈಗೆ."